ಬೇಲಿ ದಾಟಿದ ಸಿಪ್ಪೆ

ಮಂಗಳವಾರದ ಟಪಾಲಿನಲ್ಲಿ ಕೌನ್ಸಿಲ್ಲಿನ ಕಾಗದ.
ನಾಲ್ಕು ಪುಟ, ಎರಡೂ ಮಗ್ಗುಲು ಅಚ್ಚು.
ಮ್ಯೂರಿಯಲ್ ಆಕ್ರಾಯ್ಡ್ ಕನ್ನಡಕ ಹುಡುಕುವಷ್ಟರಲ್ಲಿ
ಯೂನುಸ್ ಲೂನತ್ ಅದರ ಮೇಲೆ ಚಹಾದ ಲೋಟ ಇಟ್ಟಾಗಿತ್ತು.
ಓದುವ ಪಾಳಿ ನನ್ನದು:
ಮೂವತ್ತೊಂದು ವರ್ಷ ಔಷಧದಂಗಡಿಯಲ್ಲಿ ನಿಂತು
ಡಾಕ್ಟರರ ಕೈಬರಹ ಬಿಡಿಸಿದವಳು.

ಒಕ್ಕಣೆ ಹೀಗಿತ್ತು:
ತೋಟದೊಳಗೆ ಉದುರಿದ ಎಲೆ, ಎಲೆ.
ಬೇಲಿ ದಾಟಿ ಬಂದ ಸಿಪ್ಪೆ, ಕಸ.
ಕಸ ಹೊತ್ತವನಿಗೆ ಪರವಾನಗಿ ಬೇಕು.
ಅಂದರೆ ಕೆಫೆಯ ಹಿಂಬಾಗಿಲಿಂದ
ಬಕೆಟ್ಟಿನಲ್ಲಿ ಕಾಫಿ ಚರಟ ತರುವ ಯೂನುಸ್
ಈ ಎಂಟು ವರ್ಷ ಕಳ್ಳಸಾಗಣೆಯಲ್ಲಿದ್ದ.
ಅವನಿಗೆ ಒಳಗೊಳಗೇ ಖುಷಿಯಾಯಿತು.

ಕೊನೆಗೆ, ದಪ್ಪಕ್ಷರದಲ್ಲಿ:
ಮಣ್ಣು ಮಾರಕೂಡದು.

ಮಾರಿದ್ದು ಹೌದು, ಹೇಳಿಬಿಡುತ್ತೇನೆ.
ಮೇ ತಿಂಗಳ ಎರಡು ಶನಿವಾರ,
ಚೀಲಕ್ಕೆ ಮೂರು ಪೌಂಡಿನಂತೆ ನಲವತ್ತೊಂದು ಚೀಲ.
ಶೆಡ್ಡಿನ ಸೂರಿಗೆ ತಗಡು ಬಂತು,
ಉಳಿದ ಚಿಲ್ಲರೆ ಬಿಸ್ಕತ್ತಾಯಿತು.

ಈ ಬ್ಯಾಟ್ಲಿಯಲ್ಲಿ ಮಣ್ಣಿಗೂ ಮಿಲ್ಲಿಗೂ ಹಳೆಯ ನೆಂಟು.
ನೆಲ ಗುಡಿಸಿದ ಉಣ್ಣೆಚಿಂದಿ, ಶಾಡಿ ಎನ್ನುತ್ತಾರೆ,
ಕೈಗಾಡಿಯಲ್ಲಿ ತಂದು ಮ್ಯೂರಿಯಲಳ ಅಜ್ಜ
ರೂಬಾರ್ಬ್ ಸಾಲಿಗೆ ಸುರಿಯುತ್ತಿದ್ದನಂತೆ,
ಯಾರದೋ ಕೋಟು, ಯಾವುದೋ ಯುದ್ಧದ ಸಮವಸ್ತ್ರ.
ಇವತ್ತಿಗೂ ಗುದ್ದಲಿ ಹಾಕಿದರೆ
ಒಮ್ಮೊಮ್ಮೆ ಹಿತ್ತಾಳೆ ಗುಂಡಿ ಏಳುತ್ತದೆ.
ತೊಳೆದರೆ ಹೊಳೆಯುತ್ತದೆ.

ನಮ್ಮಲ್ಲಿ ಇದಕ್ಕೆ ತಿಪ್ಪೆ ಅಂತೀವಿ ಎಂದಿದ್ದೆ ಒಮ್ಮೆ.
“ಟಿಪ್! ಅದು ನಮ್ಮ ಮಾತೇ,” ಎಂದಳು ಮ್ಯೂರಿಯಲ್,
“ಹಳೆ ಸೋಫಾ ಬಿಸಾಡಿ ಬರುವ ಜಾಗ.”
ನೆಂಟಸ್ತಿಕೆ ಒಪ್ಪಲು ಮನಸ್ಸು ಬರಲಿಲ್ಲ.
ಸೋಫಾ ಬಿಟ್ಟು ಬಂದವರು
ಮತ್ತೆ ಹೋಗಿ ಮಾತಾಡಿಸುತ್ತಾರೆಯೇ?
ನಾನೋ ದಿನ ಬಿಟ್ಟು ದಿನ ಹೋಗುತ್ತೇನೆ
ಬಾಣಂತಿಯನ್ನು ನೋಡಿಬರುವ ಹಾಗೆ,
ಗೋಣಿ ಸರಿಸಿ, ಮೊಳದುದ್ದದ ಥರ್ಮಾಮೀಟರು ಚುಚ್ಚಿ,
ಕಾವು ಬರೆದುಕೊಂಡು, ಮತ್ತೆ ಹೊದಿಸಿ.

ಗುರುವಾರ ಅಧಿಕಾರಿ ಬಂದ.
ಡೆಕ್ಲನ್ ಹರ್ಸ್ಟ್. ಹೊಸ ಬೂಟು. ಕೊರಳಲ್ಲಿ ಗುರುತಿನ ಪಟ್ಟಿ.
ದಾಖಲೆ ಇದೆಯೇ ಎಂದ. ಪುಸ್ತಕ ಬಿಚ್ಚಿಟ್ಟೆ:
ಸೋಮ ೫೮. ಬುಧ ೬೧. ಶುಕ್ರ ಮಗುಚಿದ್ದು.
ಭಾನುವಾರ ಮಂಜು, ಆದರೂ ೬೦.
“ಇದೇನು?” ೬ರ ಕೊಕ್ಕೆಯ ಮೇಲೆ ಬೆರಳಿಟ್ಟ.
ಆರು ಎಂದೆ. ನಿಮ್ಮ ಆರಿನ ದೂರದ ಸಂಬಂಧಿ.
ನಗಲಿಲ್ಲ, ಬರೆದುಕೊಂಡ.

ಆಮೇಲೆ ಮೆಲ್ಲಗೆ, ಜಗಳದ ದನಿಯಲ್ಲಲ್ಲ:
“ನಲವತ್ತೊಂದು ಮನೆಗೆ ಹೋಗಿದೆ. ಮಕ್ಕಳು ಆಡುವ ಮಣ್ಣು.
ಚೀಲದೊಳಗೆ ಏನಿತ್ತು ಅಂತ
ನೀವು ಯಾರಿಗಾದರೂ ಹೇಳಿದ್ದಿರಾ?”

ಲೇಬಲ್ಲಿಲ್ಲದ ಸೀಸೆಯನ್ನು
ಒಂದು ದಿನವೂ ಗಲ್ಲೆಯಾಚೆ ದಾಟಿಸಿದವಳಲ್ಲ ನಾನು.
ನನ್ನ ಬಾಯಿಗೇ ಮಣ್ಣು ಬಿತ್ತು.
ಯೂನುಸ್ ಬಕೆಟ್ಟಿನ ಕಡೆ ನೋಡಿದ.
ಮಾರುವಂತಿಲ್ಲ. ಕೊಡಬಹುದೇ?
ಅವನು ಪುಟ ತಿರುವಿದ, ಮತ್ತೆ ತಿರುವಿದ.
ಕೊಡುವುದರ ಬಗ್ಗೆ ಏನೂ ಬರೆದಿರಲಿಲ್ಲ.

ಹಾಗಾಗಿ ಈಗ ಸಂಜೆ ಕೂತು ಚೀಟಿ ಬರೆಯುತ್ತೇನೆ,
ಹಳೆಯ ಅಭ್ಯಾಸದ ದುಂಡಕ್ಷರ:
ಎಲೆ, ಚರಟ, ಉಣ್ಣೆ. ಒಂದು ಗುಂಡಿಯೂ ಇರಬಹುದು.
ಬುಡಕ್ಕೆ ಎರಡು ಹಿಡಿ, ಹದವಾದ ನೀರಿನೊಡನೆ.
ಮುಟ್ಟಿದ ಕೈ ತೊಳೆಯಿರಿ.
ಬೆಲೆಯ ಜಾಗ ಖಾಲಿ.
ಸೂರಿನ ಆ ಮೂಲೆ ಈಗಲೂ ಸೋರುತ್ತದೆ.

ಅವತ್ತು ಅವನಿಗೂ ಒಂದು ಚೀಲ ಚಾಚಿದ್ದೆ.
ಉಡುಗೊರೆ ಮುಟ್ಟಕೂಡದಂತೆ, ಅದಕ್ಕೇ ಬೇರೆ ಪುಟವಿದೆಯಂತೆ.
ಕೈ ಒರೆಸಿಕೊಂಡು ಗೇಟು ತೆರೆದು ಹೊರಟ.
ಹಿಂದಿನಿಂದ ಕಂಡಿತು.
ಪುಸ್ತಕ ತೆಗೆದು ತಾರೀಕಿನ ಕೆಳಗೆ ಬರೆದೆ:
ಗುರು ೫೯. ಹೊರಹೋದದ್ದು:
ಎಡಬೂಟಿನ ಹಿಮ್ಮಡಿಯಲ್ಲಿ, ಹೆಬ್ಬೆರಳಷ್ಟು.